ಪ್ರತಿಕ್ರಿಯೆ: ‘ಫೈನಲ್ ಫ್ಯಾಂಟಸಿ 6’ರ ಉತ್ತರಾರ್ಧದ ಬಗ್ಗೆ

ನಮಸ್ಕಾರ. ‘ಫೈನಲ್ ಫ್ಯಾಂಟಸಿ 6’ ಎಂಬ ವಿಡಿಯೊ ಗೇಮ್ ಅರ್ಧ ದಾರಿಯ ನಂತರ ಸಡಿಲಗೊಳ್ಳುತ್ತದೆ ಎಂಬ ಮಾತು ನಿಜವೇ, ಹಾಗಿದ್ದರೂ ಆಡಬಹುದೇ ಎಂದು ಕೇಳಿದ್ದೀರಿ. ಮಾತು ನಿಜ, ಆದರೂ ಖಂಡಿತ ಆಡಿ. ಕಥೆಯನ್ನು ಸ್ವಲ್ಪ ಬಿಟ್ಟುಕೊಡದೆ ಇದಕ್ಕೆ ಉತ್ತರಿಸಲಾಗದು, ಕ್ಷಮಿಸಿ.

1994ರ ಈ ಆಟದಲ್ಲಿ ಖಳನಾಯಕ ಕೆಫ್ಕಾ ನಡುವಿನಲ್ಲೇ ಜಗತ್ತನ್ನು ಹಾಳುಗೆಡವುತ್ತಾನೆ. ಬಳಿಕ ಒಂಟಿ ದ್ವೀಪದಲ್ಲಿ ಎಚ್ಚರಗೊಳ್ಳುವ, ನಾಯಕಿಯರಲ್ಲೊಬ್ಬಳಾದ ಸೆಲೆಸ್ ಚದುರಿಹೋದ ಸಂಗಾತಿಗಳನ್ನು ಹುಡುಕಿಕೊಂಡು ಹೊರಡುತ್ತಾಳೆ. ಅವರಲ್ಲಿ ಎಡ್ಗರ್ ಮತ್ತು ಸೆಟ್ಜರ್ ಸಿಕ್ಕಿ ಹಾರುವ ಹಡಗು ಕೈಸೇರಿದ ಮೇಲೆ, ಉಳಿದವರನ್ನು ಯಾವ ಕ್ರಮದಲ್ಲಿ ಸೇರಿಸಿಕೊಳ್ಳಬೇಕು, ಸೇರಿಸಿಕೊಳ್ಳಲೇಬೇಕೇ ಎಂಬುದೆಲ್ಲ ನಿಮ್ಮ ಆಯ್ಕೆ. ಕಥೆಯ ಬಿಗಿ ಇಲ್ಲಿ ಸಡಿಲವಾಗುವುದು ಹೌದು, ಆದರೆ ಆ ದಿಕ್ಕೆಟ್ಟ ಅಲೆದಾಟವೇ ಹಾಳುಬಿದ್ದ ಲೋಕದ ದುಃಖವನ್ನು ಆಟಗಾರನಿಗೆ ಮುಟ್ಟಿಸುತ್ತದೆ ಎಂದು ನಾನು ದೃಢವಾಗಿ ನಂಬುತ್ತೇನೆ.

ನನ್ನ ನಿಜವಾದ ತಕರಾರು ಬೇರೆ. ಎಡ್ಗರನ ಯಂತ್ರಾಯುಧಗಳು, ಬಟನ್‌ಗಳನ್ನು ಅನುಕ್ರಮವಾಗಿ ಒತ್ತಿ ಪ್ರಯೋಗಿಸುವ ಸೇಬಿನ್‌ನ ಮುಷ್ಟಿವಿದ್ಯೆ, ಲಾಕ್‌ನ ಕಳ್ಳತನದ ಕೈಚಳಕ ಹೀಗೆ ಒಬ್ಬೊಬ್ಬರಿಗೂ ವಿಶಿಷ್ಟ ಸಾಮರ್ಥ್ಯ ಕೊಟ್ಟ ಆಟವೇ, ಮುಂದೆ ಎಸ್ಪರ್‌ಗಳೆಂಬ ಮಾಂತ್ರಿಕ ಜೀವಿಗಳ ಮೂಲಕ ಬಹುತೇಕ ಎಲ್ಲರಿಗೂ ಒಂದೇ ಮಂತ್ರಗಳನ್ನು ಕಲಿಸಿ ಆ ವ್ಯತ್ಯಾಸವನ್ನು ಅಳಿಸಿಹಾಕುತ್ತದೆ. ಕೊನೆಯ ಹೊತ್ತಿಗೆ ಯಾರನ್ನು ಕಳುಹಿಸಿದರೂ ‘ಅಲ್ಟಿಮಾ’ ಎಂಬ ಪ್ರಬಲ ಮಂತ್ರ ಪ್ರಯೋಗಿಸಿದರೆ ಸಾಕು, ಕಾಳಗ ಮುಗಿಯುತ್ತದೆ. ಆದ್ದರಿಂದ ಪ್ರತಿಯೊಬ್ಬರಿಗೂ ಕೆಲವೇ ಮಂತ್ರಗಳನ್ನು ಕಲಿಸಿ ಆಡಿ.

ಇನ್ನು, ನಿಂಟೆಂಡೊದ ಸೂಪರ್ ಫ್ಯಾಮಿಕಾಮ್ ಗೇಮ್ ಯಂತ್ರಕ್ಕೆ ಬಂದ ಮೂಲ ಆವೃತ್ತಿಯಲ್ಲಿ ಭೌತಿಕ ಪೆಟ್ಟಿನಿಂದ ತಪ್ಪಿಸಿಕೊಳ್ಳುವ ಗುಣಾಂಕವು ದೋಷದಿಂದಾಗಿ ಕೆಲಸವನ್ನೇ ಮಾಡುವುದಿಲ್ಲ. ಹಾಗಾಗಿ ಹೊಸಬರಿಗೆ 2022ರ ನವೀಕೃತ ಆವೃತ್ತಿಯಾದ ಪಿಕ್ಸೆಲ್ ರಿಮಾಸ್ಟರ್ ಅನುಕೂಲಕರ.