ನೀರು ಇದೆ ಸರಿ, ಧೂಳಿಗೇನು ಮಾಡೋದು?

ಪ್ರಶ್ನೆ: ಚಂದ್ರನಲ್ಲಿ ನೀರಿದೆ ಅಂತ ಗೊತ್ತಾಗಿ ಎಷ್ಟೋ ವರ್ಷ ಆಯ್ತು. ಮೂರು ದಿನ ಇದ್ದು ಬಂದವರಿಗೆ ಮೂರು ವರ್ಷ ಇರೋದು ಅಷ್ಟು ಕಷ್ಟವಾ?
– ಓದುಗರೊಬ್ಬರು, ಮಲ್ಪೆ

ಉತ್ತರ: ಮಲ್ಪೆಯವರಿಗೆ ಇದನ್ನು ಹೇಳೋದು ಸುಲಭ ಮಾರಾಯ್ರೇ. ಬೀಚಿನ ಹೊಯಿಗೆ ಒಂದು ಹಿಡಿ ತೆಗೆದು ಉಜ್ಜಿ ನೋಡಿ. ಚುಚ್ಚುವುದಿಲ್ಲ, ಅಲ್ವಾ? ನೀರು ಉರುಳಿಸಿ ಉರುಳಿಸಿ ಅದರ ಮೂಲೆಗಳನ್ನು ಸವೆಸಿದೆ. ಚಂದ್ರನಲ್ಲಿ ಅಲೆಯೂ ಇಲ್ಲ, ಗಾಳಿಯೂ ಇಲ್ಲ. ಉಲ್ಕೆ ಬಡಿದು ಪುಡಿಯಾದ ಕಲ್ಲು ಒಡೆದ ಗಾಜಿನ ಹಾಗೆ ಚೂಪಾಗಿಯೇ ಉಳಿದಿದೆ, ಅದೂ ಹಿಟ್ಟಿನಷ್ಟು ನುಣ್ಣಗೆ. 1972ರ ಡಿಸೆಂಬರಿನಲ್ಲಿ ಅಮೆರಿಕದ ಅಪೋಲೊ 17 ನೌಕೆಯಲ್ಲಿ ಚಂದ್ರನಿಗೆ ಹೋದ ಸೆರ್ನನ್ ಮತ್ತು ಶ್ಮಿಟ್ ಇದ್ದದ್ದು ಮೂರೇ ದಿನ. ಅಷ್ಟರಲ್ಲಿ ಸೂಟ್ ಪೂರ್ತಿ ಧೂಳು ಮೆತ್ತಿತ್ತು, ಒಳಗೆ ಬಂದು ಹೆಲ್ಮೆಟ್ ತೆಗೆದ ಶ್ಮಿಟ್‌ಗೆ ಮೂಗು ಕಟ್ಟಿತ್ತು. ಬಂಡಿಯ ಮಡ್‌ಗಾರ್ಡ್ ಮುರಿದಾಗ ಕೈಲಿದ್ದ ನಕಾಶೆಗಳನ್ನೇ ಟೇಪ್ ಹಚ್ಚಿ ಜೋಡಿಸಿ ಹೊಸದೊಂದು ಮಾಡಿಕೊಂಡರು. ಜಡಿಮಳೆಯಲ್ಲಿ ಮಡ್‌ಗಾರ್ಡ್ ಇಲ್ಲದ ಬೈಕ್ ಓಡಿಸಿ ಬೆನ್ನಿಗೆಲ್ಲ ಕೆಸರು ಮಾಡಿಕೊಂಡವರಿಗೆ ಅವರ ಅವಸರ ಅರ್ಥವಾದೀತು. ವರ್ಷಗಟ್ಟಲೆ ಇರುವವರ ಬಾಗಿಲ ರಬ್ಬರು, ಸೂಟಿನ ಕೀಲು, ಶ್ವಾಸಕೋಶ ಎಲ್ಲಕ್ಕೂ ಇದೇ ಧೂಳು.

ಇನ್ನು ರಾತ್ರಿ. ಅಲ್ಲಿನ ಒಂದು ರಾತ್ರಿ ನಮ್ಮ ಸುಮಾರು 14 ದಿನ. 2023ರ ಆಗಸ್ಟ್ 23ರಂದು ಇಳಿದ ನಮ್ಮ ಚಂದ್ರಯಾನ-3ರ ವಿಕ್ರಮ್ ನೌಕೆ ಮತ್ತು ಪ್ರಗ್ಯಾನ್ ಬಂಡಿ ಅಲ್ಲಿನ ಒಂದು ಹಗಲು ಚಂದ ಕೆಲಸ ಮಾಡಿ ಮಲಗಿದವು, ಬೆಳಗಾದರೂ ಏಳಲಿಲ್ಲ. ಜನ ಇರುವಾಗ ಹಾಗಾಗುವಂತಿಲ್ಲ. ಅದಕ್ಕೇ ಎಲ್ಲರ ಕಣ್ಣು ದಕ್ಷಿಣ ಧ್ರುವದ ದಿಬ್ಬಗಳ ಮೇಲೆ. ಕೆಲವು ಕಡೆ ವರ್ಷದ ಹೆಚ್ಚಿನ ಕಾಲ ಬಿಸಿಲಿರುತ್ತದೆ, ಹತ್ತಿರದ ಹೊಂಡಗಳ ತಳಕ್ಕೆ ಬಿಸಿಲೇ ಬೀಳದ್ದರಿಂದ ಮಂಜುಗಡ್ಡೆ ಉಳಿದಿದೆ. ಆದರೆ ಅಲ್ಲಿನ ಚಳಿ ಮೈನಸ್ 200 ಡಿಗ್ರಿಗಿಂತಲೂ ಕೆಳಗೆ ಹೋಗುತ್ತದೆ, ಸುಮ್ನೆ ಬಾವಿಗೆ ಕೊಡಪಾನ ಇಳಿಸಿದ ಹಾಗಲ್ಲ. ನನ್ನನ್ನು ಕೇಳಿದರೆ ಶುರುವಿಗೆ ಒಯ್ದ ನೀರನ್ನೇ ತಿರುಗಿಸಿ ಬಳಸೋದು ಮೇಲು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಬೆವರು, ಮೂತ್ರ ಎಲ್ಲ ಸೇರಿಸಿ ಶೇ. 98ರಷ್ಟು ನೀರನ್ನು ಮರಳಿ ಪಡೆಯುವ ಮಟ್ಟಕ್ಕೆ 2023ರಲ್ಲೇ ತಲುಪಿದ್ದಾರೆ.

ಪ್ರಶ್ನೆ: ಆ ಮಣ್ಣಲ್ಲಿ ಬಸಳೆ ಬರುತ್ತದಾ?
– ಗೃಹಿಣಿ, ಉಡುಪಿ

ಉತ್ತರ: ಅಪೋಲೊ ತಂದ ಮಣ್ಣಿನಲ್ಲಿ ಅಮೆರಿಕದ ಫ್ಲೋರಿಡಾದ ವಿಜ್ಞಾನಿಗಳು ಬಿತ್ತಿದ್ದು ಸಾಸಿವೆಯ ನೆಂಟ ಗಿಡವೊಂದನ್ನು ಅಕ್ಕಾ, ಫಲಿತಾಂಶ 2022ರಲ್ಲಿ ಬಂತು. ಬೀಜ ಮೊಳೆಯಿತು, ಆಮೇಲೆ ಗೊಬ್ಬರದ ನೀರು ಕೊಟ್ಟರೂ ಗಿಡ ಸೊರಗಿತು. ಬಸಳೆ ಚಪ್ಪರ ಸದ್ಯ ಹಿತ್ತಲಲ್ಲೇ ಇರಲಿ.