ಮೈಸೂರಿನಲ್ಲಿ ತರಕಾರಿ ಸಸಿಗಳನ್ನು ಮನೆಯೊಳಗೆ ಬೆಳೆಸಲು ಯಾವ ಗ್ರೋ ಲೈಟ್ ಕೊಳ್ಳಬೇಕು?

ಕಿಟಕಿಯ ಪಕ್ಕದಲ್ಲಿಟ್ಟ ಟೊಮೆಟೊ, ಬದನೆ, ಮೆಣಸಿನಕಾಯಿ ಸಸಿಗಳು ದಾರದಂತೆ ಉದ್ದವಾಗಿ ಎದ್ದು ಬಿದ್ದುಹೋಗುತ್ತಿವೆ, ಯಾವ ಗ್ರೋ ಲೈಟ್ (ಸಸಿಗೆ ಬೆಳಕು ಕೊಡುವ ದೀಪ), ಯಾವ ಹೀಟ್ ಮ್ಯಾಟ್ (ಟ್ರೇಯ ಕೆಳಗಿಡುವ ಶಾಖದ ಹಾಸು) ಕೊಳ್ಳಲಿ ಎಂದು ಕೇಳಿದ್ದೀರಿ. ಎರಡನ್ನೂ ಕೊಳ್ಳಬೇಡಿ. ಸರಸ್ವತೀಪುರಂನ ನಮ್ಮ ಮನೆಯಲ್ಲಿ ನಾನೂ ನಿಮ್ಮ ಹಾಗೆಯೇ ಸಸಿಗಳನ್ನು ಕಿಟಕಿಯ ಪಕ್ಕ ಬೆಳೆಸಲು ಹೋಗಿ, ಒಂದು ಇಡೀ ಹಂಗಾಮಿನ ಬದನೆಯನ್ನು ಕಳೆದುಕೊಂಡಿದ್ದೇನೆ.

ಆ ವರ್ಷ ಪರಿಚಯದ ರೈತರೊಬ್ಬರಿಂದ ಮೈಸೂರಿನ ನಾಟಿ ತಳಿಯಾದ ಈರನಗೆರೆ ಬದನೆಯ ಬೀಜ ಸಿಕ್ಕಿತ್ತು. ಅಂಗಡಿಯ ಪೊಟ್ಟಣದ ಬೀಜವಲ್ಲ, ಗಿಡದಲ್ಲೇ ಹಣ್ಣಾದ ಕಾಯಿಯಿಂದ ತೆಗೆದು, ಬೂದಿಯಲ್ಲಿ ಹೊರಳಿಸಿ ಒಣಗಿಸಿದ ಬೀಜ. ಮುಗಿದರೆ ಮತ್ತೆ ಸಿಗುವ ಭರವಸೆ ಇರಲಿಲ್ಲ. ಹಾಗಾಗಿ ವಿಪರೀತ ಜೋಪಾನ ಮಾಡಿದೆ. ಪ್ರೋಟ್ರೇಗೆ, ಅಂದರೆ ಸಸಿ ಬೆಳೆಸುವ ಗುಳಿಗಳಿರುವ ಟ್ರೇಗೆ, ತೆಂಗಿನ ನಾರಿನ ಪುಡಿಯನ್ನೂ ಎರೆಗೊಬ್ಬರವನ್ನೂ ಬೆರೆಸಿ ತುಂಬಿ, ಗುಳಿಗೊಂದು ಬೀಜ ಹಾಕಿ, ಹಜಾರದ ಉತ್ತರ ದಿಕ್ಕಿನ ಕಿಟಕಿಯ ಕೆಳಗೆ ಇಟ್ಟೆ. ಬೀಜ ಚೆನ್ನಾಗಿಯೇ ಮೊಳೆಯಿತು. ಮೊಳೆತ ಮೇಲೂ ಟ್ರೇಯನ್ನು ಅಲ್ಲಿಂದ ಕದಲಿಸಲಿಲ್ಲ. ತಪ್ಪು ಇಷ್ಟೇ, ಆದರೆ ಇದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಈಗ ನಿಮ್ಮ ಕಿಟಕಿಯ ಬಳಿ ನಡೆಯುತ್ತಿರುವುದೂ ಅದೇ.

ಬೀಜದಿಂದ ಮೇಲೇಳುವ ಎಳೆಯ ಕಾಂಡದ ಕತ್ತು ಮೊದಲು ಬಾಗಿರುತ್ತದೆ. ಸಾಕಷ್ಟು ಬೆಳಕು ಬಿದ್ದೊಡನೆ ಕತ್ತು ನೆಟ್ಟಗಾಗಿ, ಬೀಜದೆಲೆಗಳು ಬಿಚ್ಚಿಕೊಂಡು, ಕಾಂಡ ಉದ್ದವಾಗುವುದು ನಿಧಾನಗೊಳ್ಳುತ್ತದೆ. ಬೆಳಕು ಸಾಲದಿದ್ದರೆ ಸಸಿ ಬೇರೆ ಗಿಡದ ನೆರಳಿನಿಂದ ಮೇಲೇರಬೇಕಾದ ಪರಿಸ್ಥಿತಿಯಲ್ಲಿದ್ದ ಹಾಗೆಯೇ ನಡೆದುಕೊಂಡು, ಬೀಜದಲ್ಲಿ ಕೂಡಿಟ್ಟ ಆಹಾರವನ್ನೆಲ್ಲ ಉದ್ದ ಬೆಳೆಯುವುದಕ್ಕೇ ಖರ್ಚು ಮಾಡಿಬಿಡುತ್ತದೆ. ಕಿಟಕಿಯ ಬಳಿ ಬೇಕಾದಷ್ಟು ಬೆಳಕಿದೆಯಲ್ಲ ಎಂದು ನನಗೆ ಅನ್ನಿಸಿದ್ದು ಕಣ್ಣನ್ನು ನಂಬಿದ್ದರಿಂದ. ಬಯಲಿನ ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಇದ್ದರೆ, ಹಾಯಾಗಿ ಕುಳಿತು ಪತ್ರಿಕೆ ಓದಬಹುದಾದ ಹಜಾರದ ಬೆಳಕು ಕೆಲವೇ ನೂರು ಲಕ್ಸ್ ಇರುತ್ತದೆ. ಕಣ್ಣು ಎರಡಕ್ಕೂ ಹೊಂದಿಕೊಳ್ಳುವುದರಿಂದ ಈ ಅಗಾಧ ವ್ಯತ್ಯಾಸ ನಮಗೆ ತಿಳಿಯುವುದೇ ಇಲ್ಲ. ಸಸಿಗೆ ತಿಳಿಯುತ್ತದೆ.

ನನ್ನ ಬದನೆ ಸಸಿಗಳೆಲ್ಲ ಕಿಟಕಿಯ ಕಡೆಗೇ ವಾಲಿ ನಿಂತಿದ್ದವು. ಕಾಂಡ ಬಿಳಿಚಿಕೊಂಡು, ಹಿಡಿದರೆ ನೀರು ಸೋರುವಷ್ಟು ಮೆತ್ತಗಾಗಿತ್ತು. ಗಾಳಿಯಾಡದ ಕೋಣೆಯಲ್ಲಿ ದಿನವೂ ನೀರು ಚಿಮುಕಿಸುತ್ತಿದ್ದುದರಿಂದ ಬುಡದಲ್ಲಿ, ಮಣ್ಣಿನ ಮಟ್ಟಕ್ಕೆ ಸರಿಯಾಗಿ, ಕಂದು ಬಣ್ಣದ ಉಂಗುರ ಮೂಡಿ ಅಲ್ಲೇ ಮುರಿದು ಮಲಗತೊಡಗಿದವು. ಪಿಥಿಯಂ, ರೈಜೋಕ್ಟೋನಿಯಾಗಳಂಥ ರೋಗಾಣುಗಳಿಂದ ಬರುವ ಸಸಿ ಕೊಳೆ ರೋಗವದು. ಬಲವಿಲ್ಲದ ಸಸಿ, ಸದಾ ತೇವವಿರುವ ಮಣ್ಣು, ನಿಂತ ಗಾಳಿ ಸೇರಿದರೆ ಬಂದೇ ಬರುತ್ತದೆ. ಉಳಿದವನ್ನು ಗಾಬರಿಯಿಂದ ಮಾರ್ಚ್ ತಿಂಗಳ ಮಧ್ಯಾಹ್ನದ ತಾರಸಿಗೆ ಒಯ್ದಿಟ್ಟಾಗ, ಬಿಸಿಲನ್ನೇ ಕಂಡಿರದ ಎಲೆಗಳು ಸಂಜೆಯೊಳಗೆ ಬೆಳ್ಳಗೆ ಸುಟ್ಟುಹೋದವು. ಒಮ್ಮೆ ನೀಳವಾದ ಕಾಂಡ ಮತ್ತೆ ಗಿಡ್ಡವಾಗುವುದಿಲ್ಲ. ಟೊಮೆಟೊ ಸಸಿಯಾದರೆ ಆಳವಾಗಿ ಹೂಳಬಹುದು, ಅದರ ಕಾಂಡದಿಂದ ಸಲೀಸಾಗಿ ಬೇರು ಬರುತ್ತದೆ. ಬದನೆ, ಮೆಣಸಿನಕಾಯಿಗಳಲ್ಲಿ ಆ ಅನುಕೂಲ ಅಷ್ಟಾಗಿ ಇಲ್ಲ.

ಪಾಂಡವಪುರದ ಕಡೆಯ ನಮ್ಮೂರಿನಲ್ಲಿ ಸೋದರತ್ತೆ ಮೆಣಸಿನ ಒಟ್ಲು (ಸಸಿಮಡಿ) ಹಾಕುವುದನ್ನು ಚಿಕ್ಕಂದಿನಲ್ಲಿ ನೋಡಿಯೇ ಬೆಳೆದಿದ್ದೆ. ಏರುಮಡಿ ಮಾಡಿ, ಬೀಜ ಬಿತ್ತಿ, ಮೇಲೆ ಭತ್ತದ ಹುಲ್ಲು ಹೊದಿಸಿ, ಆ ಹುಲ್ಲಿನ ಮೇಲೆಯೇ ನೀರು ಚಿಮುಕಿಸುತ್ತಿದ್ದರು. ದಿನವೂ ಹುಲ್ಲನ್ನು ಒಂದಿಷ್ಟು ಎತ್ತಿ ನೋಡಿ, ಮೊಳಕೆ ಕಂಡ ದಿನವೇ ಸಂಜೆಯ ತಂಪಿನಲ್ಲಿ ಹೊದಿಕೆಯನ್ನು ಪೂರ್ತಿ ತೆಗೆದುಬಿಡುತ್ತಿದ್ದರು. ‘ನಾಳೆ ತೆಗೆದರಾಯ್ತು ಅಂದ್ರೆ ಪೈರು ಸೊರಗ್ತದೆ ಕಣಪ್ಪ’ ಎನ್ನುತ್ತಿದ್ದರು. ನೀವು ತಿಳಿಯಬೇಕಾದ ವಿದ್ಯೆಯೆಲ್ಲ ಆ ಒಂದು ದಿನದ ಎಚ್ಚರದಲ್ಲಿದೆ.

ದೀಪ, ಶಾಖದ ಹಾಸುಗಳೆಲ್ಲ ವಸಂತದವರೆಗೂ ಹಿಮ ಬೀಳುವ ದೇಶಗಳ ಅಗತ್ಯ. ಅಲ್ಲಿ ಹೊರಗೆ ಬಿತ್ತಿದರೆ ಸಸಿ ಹೆಪ್ಪುಗಟ್ಟಿ ಸಾಯುತ್ತದೆ, ಒಳಗೆ ಬೆಳೆಸದೆ ಅವರಿಗೆ ಗತಿಯಿಲ್ಲ. ಮೈಸೂರಿನಲ್ಲಿ ಹಿಮದ ಮಾತೇ ಇಲ್ಲ, ಡಿಸೆಂಬರ್‌ನ ಅತಿ ಚಿಕ್ಕ ಹಗಲೂ 11 ಗಂಟೆಗಿಂತ ಹೆಚ್ಚು. ನಮ್ಮ ಸಸಿಗೆ ರಕ್ಷಣೆ ಬೇಕಾಗಿರುವುದು ಬೇಸಿಗೆಯ ಉರಿಬಿಸಿಲಿನಿಂದ, ಮೇ ಮತ್ತು ಅಕ್ಟೋಬರ್‌ನ ಬಿರುಮಳೆಯಿಂದ, ಎಲ್ಲಕ್ಕಿಂತ ಹೆಚ್ಚಾಗಿ ಬಿಳಿ ನೊಣದಿಂದ. ಟೊಮೆಟೊಗೆ ಎಲೆ ಮುದುಡು ನಂಜುರೋಗವನ್ನು ಹರಡುವುದು ಈ ನೊಣವೇ, ಎಳೆಯದರಲ್ಲೇ ಅದು ತಗುಲಿದರೆ ಆ ಗಿಡದಿಂದ ಕಾಯಿಯ ಆಸೆ ಬಿಡಬೇಕು. ಆದ್ದರಿಂದ ದೀಪದ ಹಣದಲ್ಲಿ ಒಂದು ತುಂಡು ನೆರಳು ಬಲೆ, ಒಂದಿಷ್ಟು ಸಣ್ಣ ಕಣ್ಣಿನ ನೈಲಾನ್ ಪರದೆ ತನ್ನಿ. ಬೀಜಕ್ಕೇ ಹಣ ಹಾಕುವುದಾದರೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ಟೊಮೆಟೊ ಕೊಳ್ಳಿ. ಅದಕ್ಕೆ ಎಲೆ ಮುದುಡು ರೋಗವನ್ನು ತಡೆಯುವ ಶಕ್ತಿಯಿದೆ.

ಮೊಳೆಯುವವರೆಗೆ ಟ್ರೇಯನ್ನು ಮನೆಯೊಳಗೆ ಪತ್ರಿಕೆ ಮುಚ್ಚಿಟ್ಟುಕೊಳ್ಳಿ, ಅಡ್ಡಿಯಿಲ್ಲ. ಆ ಹಂತದಲ್ಲಿ ಈ ಬೀಜಗಳಿಗೆ ಬೇಕಾದದ್ದು ಬೆಚ್ಚನೆಯ ತೇವ ಮಾತ್ರ. ಟೊಮೆಟೊ ಒಂದು ವಾರದೊಳಗೆ, ಬದನೆ, ಮೆಣಸಿನಕಾಯಿ ಇನ್ನೂ ಕೆಲವು ದಿನ ತಡವಾಗಿ ಏಳುತ್ತವೆ. ಮೊದಲ ಕೆಲವು ಕತ್ತುಗಳು ಕಂಡೊಡನೆ, ಉಳಿದವುಗಳಿಗೆ ಕಾಯದೆ, ಟ್ರೇಯನ್ನು ಬೆಳಗಿನ ಬಿಸಿಲು ಬೀಳುವ ತಾರಸಿಯ ಮೂಲೆಗೆ ನೆರಳು ಬಲೆಯ ಕೆಳಗೆ, ಸುತ್ತ ನೈಲಾನ್ ಪರದೆ ಮುಚ್ಚಿ ಇಡಿ. ನೀರನ್ನು ಬೆಳಿಗ್ಗೆ ಮಾತ್ರ ಕೊಡಿ. ಟೊಮೆಟೊ ಸುಮಾರು 25 ರಿಂದ 30 ದಿನಕ್ಕೆ, ಮೆಣಸಿನಕಾಯಿ 35 ರಿಂದ 45 ದಿನಕ್ಕೆ ನಾಟಿಗೆ ಬರುತ್ತವೆ. ಕೊನೆಯ ವಾರ ಬಲೆ ತೆಗೆದು ನೀರು ಕಡಿಮೆ ಮಾಡಿದರೆ ಕಾಂಡ ಗಟ್ಟಿಯಾಗುತ್ತದೆ. ಪರದೆಯನ್ನು ಮಾತ್ರ ನಾಟಿಯವರೆಗೂ ತೆಗೆಯಬೇಡಿ.

ನೀವು ಬೆಳೆಸಬೇಕೆಂದಿರುವ ಇತರ ತರಕಾರಿಗಳಾದ ಬೆಂಡೆ, ಹುರುಳಿಕಾಯಿ, ಮೂಲಂಗಿಗಳಿಗೆ ಟ್ರೇಯೇ ಬೇಡ. ಅವುಗಳ ಬೇರನ್ನು ಕದಲಿಸದೆ ನೇರವಾಗಿ ಕುಂಡದಲ್ಲೇ ಬಿತ್ತಿ. ತಾರಸಿಯಿಲ್ಲದೆ ಉತ್ತರಕ್ಕೆ ಮಾತ್ರ ತೆರೆದ ಬಾಲ್ಕನಿಯಿರುವ ಮನೆಯಾದರೆ, ಸಸಿ ಮಾಡುವುದಿರಲಿ, ಆ ಜಾಗದಲ್ಲಿ ಟೊಮೆಟೊ, ಬದನೆ ಕಾಯಿ ಕಟ್ಟುವುದೇ ಕಷ್ಟ. ಅಲ್ಲಿ ಮೆಂತ್ಯ, ಪುದೀನ, ಒಂದೆಲಗಗಳನ್ನು ಹಾಕಿಕೊಳ್ಳಿ.