ಮೀನಿನ ಕೊಳಕ್ಕೆ ಉಪ್ಪು: ಮೂಟೆ ಎಣಿಸುವ ಮೊದಲು ನೀರು ಅಳೆಯಿರಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಉಪ್ಪಿನ ಬಗ್ಗೆಯೇ. ಕೊಳದ ಅಳತೆ ಬರೆದವರು ಕಡಿಮೆ, ನೀರಿನ ಪರೀಕ್ಷೆಯ ಅಂಕಿ ಬರೆದವರು ಇನ್ನೂ ಕಡಿಮೆ. ಎಷ್ಟು ಸಲ ಹೇಳಿದರೂ ಇದೇ ಪಾಡು. ಹಾಗಾಗಿ ಒಂದು ಪ್ರಶ್ನೆಗೆ ಪೂರ್ತಿ ಉತ್ತರ ಬರೆಯುತ್ತೇನೆ, ಉಳಿದವಕ್ಕೆ ಚುಟುಕಾಗಿ.

ಪ್ರಶ್ನೆ: ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. ಉಪ್ಪು ಎರಚಿದರೆ ಸರಿಹೋಗುತ್ತದೆ ಎಂದು ಮೇವು ಮಾರುವವರು ಹೇಳಿದರು. ಕೊಳ 30 ಮೀಟರ್ ಉದ್ದ, 20 ಮೀಟರ್ ಅಗಲ. ಎಷ್ಟು ಮೂಟೆ ಬೇಕು?

ಉತ್ತರ: ಯಾಕೆ ಬಾಯಿ ಬಿಡುತ್ತಿವೆ ಎಂದು ಗೊತ್ತಾಗುವ ತನಕ ಒಂದು ಹಿಡಿಯೂ ಬೇಡ. ಮೇವು ಮಾರುವವರು ನಿಮ್ಮ ನೀರನ್ನು ಪರೀಕ್ಷೆ ಮಾಡಿದ್ದಾರೆಯೇ? ಇಲ್ಲ ತಾನೆ?

ನಸುಕಿನಲ್ಲಿ ಮಾತ್ರ ಮೇಲೆ ಬಂದು, ಬಿಸಿಲೇರಿದಂತೆ ಕೆಳಗಿಳಿದು ಎಂದಿನಂತೆ ಓಡಾಡುತ್ತಿದ್ದರೆ ಅದು ಆಮ್ಲಜನಕದ ಕೊರತೆ. ರಾತ್ರಿಯಿಡೀ ಪಾಚಿಯೂ ಉಸಿರಾಡುತ್ತದೆ, ತಳದ ಕೆಸರೂ ಆಮ್ಲಜನಕ ನುಂಗುತ್ತದೆ. ಸೂರ್ಯ ಹುಟ್ಟುವ ಹೊತ್ತಿಗೆ ನೀರಿನಲ್ಲಿ ಉಳಿಯುವುದು ದಿನದಲ್ಲೇ ಅತಿ ಕಡಿಮೆ. ಆ ಹೊತ್ತಿನಲ್ಲಿ ಅಳೆದು ನೋಡಿ. ಲೀಟರಿಗೆ 4 ಮಿಲಿಗ್ರಾಂಗಿಂತ ಮೇಲಿದ್ದರೆ ನಿಶ್ಚಿಂತೆ, 3ಕ್ಕಿಂತ ಕೆಳಗಿದ್ದರೆ ತುರ್ತು. ಇದಕ್ಕೆ ಉಪ್ಪು ಮದ್ದಲ್ಲ. ನಡುರಾತ್ರಿಯಿಂದ ಬಿಸಿಲು ಬೀಳುವವರೆಗೆ ಏರೇಟರ್ (ನೀರಿಗೆ ಗಾಳಿ ಬೆರೆಸುವ ಯಂತ್ರ) ಓಡಿಸಿ, ಅಂದು ಮೇವು ನಿಲ್ಲಿಸಿ. ಏರೇಟರ್ ಇಲ್ಲದಿದ್ದರೆ ಪಂಪಿನಿಂದ ಮೇಲ್ಪದರದ ನೀರೆತ್ತಿ ಎತ್ತರದಿಂದ ಚಿಮ್ಮಿಸಿ. ಪಂಪಿನ ಬಾಯಿಯನ್ನು ತಳಕ್ಕೆ ಬಿಟ್ಟರೆ ಕೆಸರು ಕದಡಿ, ಇದ್ದಷ್ಟು ಆಮ್ಲಜನಕವೂ ಹೋಗುತ್ತದೆ.

ಮಧ್ಯಾಹ್ನವೂ ಮೀನು ಮಂಕಾಗಿದ್ದು, ಆಮ್ಲಜನಕ 5ರ ಮೇಲಿದ್ದರೆ ಕಥೆ ಬೇರೆ. ಒಂದು ಮೀನು ಹಿಡಿದು ಕಿವಿರಿನ ಮುಚ್ಚಳ ಎತ್ತಿ ನೋಡಿ. ಕಿವಿರು ಕೆಂಪಗಿರಬೇಕು. ಕಾಫಿಪುಡಿಯಂತೆ ಕಂದಾಗಿದ್ದರೆ, ಮೇವಿನಿಂದ ನೀರಿನಲ್ಲಿ ಹುಟ್ಟುವ ನೈಟ್ರೈಟ್ ಎಂಬ ವಿಷ ರಕ್ತಕ್ಕೆ ಇಳಿದಿದೆ ಎಂದರ್ಥ. ಅಂಥ ರಕ್ತ ಆಮ್ಲಜನಕ ಹೊರಲಾರದು. ನೀರಿನಲ್ಲಿ ಎಷ್ಟಿದ್ದರೂ ಮೀನಿಗೆ ದಕ್ಕುವುದಿಲ್ಲ. ಉಪ್ಪು ನಿಜವಾಗಿ ಜೀವ ಉಳಿಸುವುದು ಇಲ್ಲಿ. ಕಿವಿರಿನಲ್ಲಿ ಉಪ್ಪಿನ ಒಂದು ಅಂಶವಾದ ಕ್ಲೋರೈಡ್ ಒಳಸೇರುವ ದಾರಿಯಲ್ಲೇ ನೈಟ್ರೈಟ್ ಕೂಡ ನುಗ್ಗುತ್ತದೆ. ನೀರಿನಲ್ಲಿ ಕ್ಲೋರೈಡ್ ಸಾಕಷ್ಟಿದ್ದರೆ ನೈಟ್ರೈಟಿಗೆ ಜಾಗ ಸಿಗುವುದಿಲ್ಲ.

ಈಗ ಲೆಕ್ಕ. ಮೊದಲು ನೀರಿನ ಪ್ರಮಾಣ. ನಡುವಿನ ಆಳವನ್ನೇ ಹಿಡಿದು ಗುಣಿಸುವುದು ಎಲ್ಲರೂ ಮಾಡುವ ತಪ್ಪು. ದಂಡೆಯಿಂದ ದಂಡೆಗೆ ಸಮಾನ ಅಂತರದಲ್ಲಿ ಹತ್ತು ಹನ್ನೆರಡು ಕಡೆ ಕೋಲು ಇಳಿಸಿ, ಸರಾಸರಿ ತೆಗೆಯಿರಿ. ನಿಮ್ಮದು ಒಂದೂವರೆ ಮೀಟರ್ ಬಂತು ಎಂದಿಟ್ಟುಕೊಳ್ಳೋಣ. 30 × 20 × 1.5, ಅಂದರೆ 900 ಘನ ಮೀಟರ್, 9 ಲಕ್ಷ ಲೀಟರ್.

ಕ್ಲೋರೈಡ್ ಪ್ರಮಾಣ ನೈಟ್ರೈಟಿನ ಹತ್ತು ಪಟ್ಟು ಇರಬೇಕು. ಪರೀಕ್ಷೆಯಲ್ಲಿ ನೈಟ್ರೈಟ್ ಲೀಟರಿಗೆ 6 ಮಿಲಿಗ್ರಾಂ ಇದ್ದರೆ ಕ್ಲೋರೈಡ್ 60 ಬೇಕು. ನಿಮ್ಮ ನೀರಿನಲ್ಲಿ ಆಗಲೇ 30 ಇದ್ದರೆ ಸೇರಿಸಬೇಕಾದದ್ದು 30 ಮಾತ್ರ. ಉಪ್ಪಿನ ತೂಕದಲ್ಲಿ ಶೇ. 60 ಕ್ಲೋರೈಡ್, ಹಾಗಾಗಿ ಪ್ರತಿ ಘನ ಮೀಟರಿಗೆ 50 ಗ್ರಾಂ ಉಪ್ಪು, ಇಡೀ ಕೊಳಕ್ಕೆ 45 ಕೆಜಿ. ಒಂದು ಮೂಟೆಯೂ ಪೂರ್ತಿ ಬೇಡ. ಕೆಲವು ಕಿಟ್‌ಗಳು ನೈಟ್ರೈಟನ್ನು ಅದರಲ್ಲಿರುವ ನೈಟ್ರೋಜನ್ನಿನ ತೂಕದ ಲೆಕ್ಕದಲ್ಲಿ (NO2-N) ತೋರಿಸುತ್ತವೆ. ಕಿಟ್‌ನ ಚೀಟಿ ಓದಿ, ಹಾಗಿದ್ದರೆ ಬಂದ ಅಂಕಿಯನ್ನು 3.3ರಿಂದ ಗುಣಿಸಿ. ಇದನ್ನು ಮರೆತರೆ ಬೇಕಾದ ಕ್ಲೋರೈಡಿನ ಮೂರನೇ ಒಂದು ಪಾಲೂ ಬೀಳುವುದಿಲ್ಲ.

ಅದೇ ಕೊಳಕ್ಕೆ ಸಾವಿರಕ್ಕೆ 1 ಪಾಲು ಉಪ್ಪು ಬೇಕೆಂದರೆ, ಅಂದರೆ ಸಾವಿರ ಲೀಟರಿಗೆ 1 ಕೆಜಿ, 900 ಕೆಜಿ ಹಾಕಬೇಕು. ಪರಾವಲಂಬಿಗಳು ಹೋಗಲಿ ಎಂದು ಎರಡು ಮೂಟೆ ಎರಚಿ ಬರುವವರು ಈ ಲೆಕ್ಕವನ್ನು ದಯವಿಟ್ಟು ಇನ್ನೊಮ್ಮೆ ಓದಿ. ಆ ನೂರು ಕೆಜಿಗೆ ಒಂದು ಹೇನೂ ಸಾಯುವುದಿಲ್ಲ.

ಹಾಕುವ ರೀತಿಯೂ ಮುಖ್ಯ. ದಂಡೆಯಿಂದ ಹರಳುಪ್ಪು ಸುರಿದರೆ ಅದು ನೇರ ತಳ ಸೇರಿ ಅಲ್ಲೇ ಕರಗುತ್ತದೆ. ಗಾಢ ಉಪ್ಪುನೀರು ಭಾರ, ಗಾಳಿಯಾಡದ ಕೊಳದಲ್ಲಿ ಹಾಸಿನಂತೆ ಕೆಳಗೇ ಮಲಗುತ್ತದೆ. ತಳದಲ್ಲಿ ಮೇಯುವ ಮೃಗಾಲ್, ಗೆಂಡೆ ಮೀನುಗಳ ಮೈ ಕಿವಿರು ಸುಡುವುದು ಹೀಗೆ. 1 ಕೆಜಿಗೆ 10 ಲೀಟರಿನಂತೆ ಕೊಳದ ನೀರಿನಲ್ಲೇ ಕರಗಿಸಿ, ಓಡುತ್ತಿರುವ ಏರೇಟರ್ ಮುಂದೆ ಎರಡು ಮೂರು ಗಂಟೆ ತೆಗೆದುಕೊಂಡು ನಿಧಾನವಾಗಿ ಹುಯ್ಯಿರಿ.

ಹಾಕುವ ಮೊದಲೂ, ಮರುದಿನವೂ ಇಸಿ ಮೀಟರಿನಲ್ಲಿ ನೀರಿನ ವಿದ್ಯುತ್ ವಾಹಕತೆ ನೋಡಿ. ಘನ ಮೀಟರಿಗೆ 50 ಗ್ರಾಂ ಉಪ್ಪು ಸೇರಿದರೆ ಅಂಕಿ ಸುಮಾರು 100 ಮೈಕ್ರೋಸೀಮೆನ್ಸ್ ಏರುತ್ತದೆ. 150 ಏರಿತೆಂದರೆ ನಿಮ್ಮ ಕೊಳದಲ್ಲಿರುವುದು 900 ಅಲ್ಲ, 600 ಘನ ಮೀಟರ್. ಮುಂದೆ ಯಾವ ಔಷಧ ಹಾಕಬೇಕಾದರೂ ಈ ತಿದ್ದಿದ ಅಳತೆಯನ್ನೇ ಬಳಸಿ.

ಕೊನೆಗೊಂದು ಎಚ್ಚರಿಕೆ. ಉಪ್ಪು ಹಾಕಿದ ಮೇಲೂ ಪರೀಕ್ಷೆಯಲ್ಲಿ ನೈಟ್ರೈಟ್ 6 ಎಂದೇ ತೋರಿಸುತ್ತದೆ. ಉಪ್ಪು ಅದನ್ನು ತೆಗೆಯುವುದಿಲ್ಲ, ಮೀನಿನೊಳಗೆ ಹೋಗದಂತೆ ತಡೆಯುತ್ತದೆ ಅಷ್ಟೆ. ಅಂಕಿ ಇಳಿಯಲಿಲ್ಲವೆಂದು ಮತ್ತೆ ಮತ್ತೆ ಸುರಿಯಬೇಡಿ. ಒಂದೆರಡು ದಿನದಲ್ಲಿ ಕಿವಿರಿನ ಬಣ್ಣ ಮರಳುತ್ತದೆಯೇ ನೋಡಿ. ಮೇವನ್ನು ಅರ್ಧಕ್ಕಿಳಿಸಿ, ಏಕೆಂದರೆ ನೈಟ್ರೈಟಿನ ಮೂಲವೇ ಮೇವು.

ಪ್ರಶ್ನೆ: ಉಪ್ಪು ಹಾಕಿಯೇ ಇಲ್ಲ, ಆದರೂ ಕೊಳದ ಉಪ್ಪಿನಂಶ ಏರುತ್ತಿದೆ. ಯಾಕೆ?

ಉತ್ತರ: ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ದಿನಕ್ಕೆ 5 ಮಿಲಿಮೀಟರ್ ಆರಿ, ಅಷ್ಟನ್ನೂ ಲೀಟರಿಗೆ 1.2 ಗ್ರಾಂ ಉಪ್ಪಿರುವ ಬೋರ್‌ವೆಲ್ ನೀರಿನಿಂದ ತುಂಬಿಸಿದರೆ, ಒಂದೂವರೆ ಮೀಟರ್ ಆಳದ ಕೊಳದಲ್ಲಿ 100 ದಿನಕ್ಕೆ ಲೀಟರಿಗೆ 0.4 ಗ್ರಾಂ ಕೂಡಿಕೊಳ್ಳುತ್ತದೆ. ಮೇಲಿಂದ ಮೇಲೆ ತುಂಬಿಸುವುದರಿಂದ ಇದು ಇಳಿಯದು, ನೀರನ್ನು ತಳದಿಂದ ಹೊರಬಿಟ್ಟು ಸಿಹಿನೀರು ತುಂಬಬೇಕು. ಲೀಟರಿಗೆ 3 ಗ್ರಾಂ ಇರುವ ಕೊಳದ ಮೂರನೇ ಒಂದು ಪಾಲು ತೆಗೆದು 0.3 ಗ್ರಾಂನ ನೀರು ತುಂಬಿದರೆ 2.1ಕ್ಕೆ ಬರುತ್ತದೆ. ಒಂದು ದಿನಕ್ಕೆ 1 ಗ್ರಾಂಗಿಂತ ಹೆಚ್ಚು ಏರುಪೇರು ಮಾಡಬೇಡಿ. ಕಾಟ್ಲಾ, ರೋಹು ಸಾಕುವವರು 5 ಗ್ರಾಂ ತಲುಪುವವರೆಗೆ ಕಾಯಬಾರದು. ಅಷ್ಟರಲ್ಲಿ ಮೀನು ಸಾಯದಿದ್ದರೂ ತಿಂದದ್ದು ಮೈಗೆ ಹತ್ತುವುದಿಲ್ಲ.

ಪ್ರಶ್ನೆ: ಕೊಳದ ಉಪ್ಪಿನಂಶ ಅಳೆಯಲು ಸಮುದ್ರದ ನೀರಿಗೆ ಬಳಸುವ ರಿಫ್ರಾಕ್ಟೋಮೀಟರ್ ಸಾಕೇ?

ಉತ್ತರ: ಸಾಲದು. ಅದರ ಒಂದೊಂದು ಗೆರೆಯೂ ಸಾವಿರಕ್ಕೆ 1 ಪಾಲು, ಸಿಹಿನೀರಿನ ಕೊಳದ ಏರಿಳಿತವೆಲ್ಲ ಆ ಗೆರೆಯೊಳಗೇ ಮುಗಿದುಹೋಗುತ್ತದೆ. ಇಸಿ ಮೀಟರ್ ಕೊಳ್ಳಿ, 1413 ಮೈಕ್ರೋಸೀಮೆನ್ಸ್ ಎಂದು ಬರೆದಿರುವ ಪ್ರಮಾಣಿತ ದ್ರಾವಣದಲ್ಲಿ ಆಗಾಗ ಸರಿಹೊಂದಿಸಿ.

ಪ್ರಶ್ನೆ: ಅಯೋಡಿನ್ ಉಪ್ಪಿನಿಂದ ಮೀನು ಸಾಯುತ್ತದೆಯೇ?

ಉತ್ತರ: ಇಲ್ಲ.

ಪ್ರಶ್ನೆ: ಅಮೋನಿಯಾ ಹೆಚ್ಚಿದೆ. ಜಿಯೋಲೈಟ್, ಉಪ್ಪು, ಸುಣ್ಣ ಮೂರನ್ನೂ ಒಟ್ಟಿಗೆ ಹಾಕಲು ಹೇಳಿದ್ದಾರೆ.

ಉತ್ತರ: ಹಾಗೆ ಹೇಳಿದವರನ್ನು ಇನ್ನು ಕೊಳದ ಹತ್ತಿರ ಸೇರಿಸಬೇಡಿ. ಜಿಯೋಲೈಟ್ ಹಿಡಿದಿಟ್ಟ ಅಮೋನಿಯಾವನ್ನು ಬಿಡಿಸಲು ಬಳಸುವುದೇ ಉಪ್ಪುನೀರನ್ನು. ಎರಡನ್ನೂ ಹಾಕಿದರೆ ಹಣವೂ ಹೋಯಿತು, ಅಮೋನಿಯಾವೂ ನೀರಿಗೇ ಮರಳಿತು. ಸುಟ್ಟ ಸುಣ್ಣವಂತೂ ಇನ್ನೂ ಅಪಾಯ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷರೂಪದ್ದು ಶೇ. 1ಕ್ಕಿಂತ ಕಡಿಮೆ, ಪಿಎಚ್ 9 ಆದರೆ ಮೂರನೇ ಒಂದು ಪಾಲಿಗಿಂತ ಹೆಚ್ಚು. ಸುಣ್ಣ ಸುರಿದ ಸಂಜೆಯೇ ಮೀನು ತೇಲುವುದು ಇದರಿಂದ. ಮೇವು ನಿಲ್ಲಿಸಿ, ತಳದ ನೀರು ಬದಲಿಸಿ, ಏರೇಟರ್ ಓಡಿಸಿ.

ಪ್ರಶ್ನೆ: ಉಪ್ಪನ್ನು ತಿಂದು ನೀರು ಸಿಹಿ ಮಾಡುವ ಬ್ಯಾಕ್ಟೀರಿಯಾ ಪುಡಿ ಬಂದಿದೆಯಂತೆ. ಹಾಕಬಹುದೇ?

ಉತ್ತರ: ಕೊಳದ ಉಪ್ಪನ್ನು ತಿಂದು ಮುಗಿಸುವ ಬ್ಯಾಕ್ಟೀರಿಯಾ ಇಲ್ಲ. ಆ ಹಣದಲ್ಲಿ ಇಸಿ ಮೀಟರ್ ತನ್ನಿ.